ಮಂಡೆಬಿಸಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?

ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರಿಗೆ ರಜಾ ಅರ್ಜಿ ಓದುವುದು ನಿತ್ಯದ ಕೆಲಸ. ಹೆಚ್ಚಿನ ಅರ್ಜಿಗಳಲ್ಲಿ ಎರಡೇ ಕಾರಣ. ಒಂದು 'ಸಫರಿಂಗ್ ಫ್ರಮ್ ಫೀವರ್', ಇನ್ನೊಂದು 'ಸಿಸ್ಟರ್ಸ್ ಮ್ಯಾರೇಜ್'. ಒಬ್ಬಳೇ ಅಕ್ಕನಿಗೆ ವರ್ಷದಲ್ಲಿ ಮೂರು ಸಲ ಮದುವೆ ಮಾಡಿಸಿದ ಮಕ್ಕಳೂ ನನ್ನ ತರಗತಿಯಲ್ಲಿದ್ದರು. ಹಾಗಾಗಿ ಅರ್ಜಿಯಲ್ಲಿ ನಾನು ವಿಷಯ ನೋಡುತ್ತಿರಲಿಲ್ಲ, ವ್ಯಾಕರಣ ಮಾತ್ರ ನೋಡುತ್ತಿದ್ದೆ.

2023ರ ಮಳೆಗಾಲ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎರಡು ದಿನ ಬಂದಿರಲಿಲ್ಲ. ಮೂರನೆಯ ದಿನ ಬಂದು ಅರ್ಜಿ ಕೊಟ್ಟಳು. 'ಆ್ಯಸ್ ಐ ವಾಸ್ ಅಪ್‌ಸೆಟ್, ಐ ಕುಡ್ ನಾಟ್ ಕಮ್ ಟು ಸ್ಕೂಲ್' ಎಂದಿತ್ತು. ನಾನು ಕೆಂಪು ಪೆನ್ನು ತೆಗೆದು 'ಅಪ್‌ಸೆಟ್'ನ ಕೆಳಗೆ ಗೆರೆ ಎಳೆದೆ. 'ಬರೀ ಅಪ್‌ಸೆಟ್ ಎಂದರೆ ಏನು? ಸ್ಟಮಕ್ ಅಪ್‌ಸೆಟ್ ಎಂದು ಬರೆಯಬೇಕು. ಹೊಟ್ಟೆ ಎಂಬ ಶಬ್ದವನ್ನೇ ಬಿಟ್ಟಿದ್ದೀಯಲ್ಲ' ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ತರಗತಿಯನ್ನು ಸ್ವಲ್ಪ ನಗಿಸೋಣವೆಂದು, 'ಹಲಸಿನ ಹಣ್ಣು ಜಾಸ್ತಿಯಾಯಿತೋ ಏನೋ' ಎಂದೂ ಸೇರಿಸಿದೆ. ಎಲ್ಲರೂ ನಕ್ಕರು. ಅವಳೂ ಸ್ವಲ್ಪ ನಕ್ಕಂತೆ ಮಾಡಿದಳು. ಮಧ್ಯಾಹ್ನ ಬೇರೆ ಹಾಳೆಯಲ್ಲಿ 'ಮೈ ಸ್ಟಮಕ್ ವಾಸ್ ಅಪ್‌ಸೆಟ್' ಎಂದು ದುಂಡಗೆ ಬರೆದು ತಂದಳು. ನಾನು 'ಗುಡ್' ಎಂದು ಸಹಿ ಹಾಕಿದೆ.

ಮರುವಾರ ನಾಲ್ಕು ದಿನ ಅವಳು ಬರಲಿಲ್ಲ. ಅವಳ ಪಕ್ಕದ ಮನೆಯ ಹುಡುಗಿಯನ್ನು ಕೇಳಿದರೆ, 'ಅವಳ ಉಮ್ಮನಿಗೆ ಟೆನ್ಶನ್ ಅಂತೆ ಟೀಚರ್' ಎಂದಳು. ಟೆನ್ಶನ್ ತಾನೆ ಎಂದು ನಾನೂ ಸುಮ್ಮನಾದೆ.

ಈ ಟೆನ್ಶನ್ ಎಂಬ ಶಬ್ದದ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು. ಗ್ಯಾಸ್ ಮುಗಿದರೆ ನಮಗೆ ಟೆನ್ಶನ್. ಮಗನ ಫಲಿತಾಂಶ ಬರುವುದಿದ್ದರೆ ಟೆನ್ಶನ್. ಮಗಳಿಗೆ ಸಂಬಂಧ ಕೂಡಿ ಬರದಿದ್ದರೂ ಟೆನ್ಶನ್, ಕೂಡಿ ಬಂದರೆ ಖರ್ಚಿನ ಟೆನ್ಶನ್. ಗಂಡ ಊರಿಗೆ ಬರುವುದು ತಡವಾದರೂ ಅದೇ, ಗಂಡ ಸತ್ತರೂ ಅದೇ ಶಬ್ದ. ರಕ್ತದೊತ್ತಡದ ಮಾತ್ರೆಯನ್ನೂ ಕೆಲವರು ಟೆನ್ಶನ್ ಮಾತ್ರೆ ಎನ್ನುತ್ತಾರೆ. ಆದರೆ ಇಂಗ್ಲಿಷಿನಲ್ಲಿ ಟೆನ್ಶನ್ ಎಂದರೆ ಮೊದಲಿಗೆ ಹಗ್ಗವನ್ನು ಎರಡೂ ಕಡೆಯಿಂದ ಎಳೆದಾಗ ಆಗುವ ಬಿಗಿತ. ಎರಡು ದೇಶಗಳ ನಡುವೆ, ಅತ್ತೆ ಸೊಸೆಯರ ನಡುವೆ ಟೆನ್ಶನ್ ಇರಬಹುದು. ಮನುಷ್ಯನೇ ಬಿಗಿಯಾಗಿದ್ದರೆ ಅವನು 'ಟೆನ್ಸ್'. ನಮ್ಮ ಮಕ್ಕಳು ಬರೆಯುವ 'ಐ ಆಮ್ ಟೆನ್ಸ್ಡ್' ಮತ್ತು ದೊಡ್ಡವರು ಹೇಳುವ 'ಡೋಂಟ್ ಟೇಕ್ ಟೆನ್ಶನ್', ಎರಡೂ ನಮ್ಮ ದೇಶದಲ್ಲೇ ಬೆಳೆದ ಇಂಗ್ಲಿಷ್.

'ಅವಳಿಗೆ ಫೀಲಿಂಗ್ ಆಯ್ತು' ಎಂಬುದೂ ಹಾಗೆಯೇ. ಇಂಗ್ಲಿಷಿನವರಿಗೆ ಇದು ಅರ್ಥವಾಗದು. ಯಾವ ಫೀಲಿಂಗ್? ಸಂತೋಷವೂ ಫೀಲಿಂಗೇ, ಹಸಿವೂ ಫೀಲಿಂಗೇ. ನಮ್ಮಲ್ಲಿ ಮಾತ್ರ ಆ ಶಬ್ದಕ್ಕೆ ನೋವು ಎಂಬ ಒಂದೇ ಅರ್ಥ ಉಳಿದಿದೆ. ನೋವಾಯಿತು ಎನ್ನಲು ನಾಚಿಕೆ, ಆದ್ದರಿಂದ ಫೀಲಿಂಗ್ ಆಯಿತು ಎನ್ನುತ್ತೇವೆ. 'ಡಿಸ್ಟರ್ಬ್ ಆಗಿದ್ದಾನೆ' ಎನ್ನುವಾಗಲೂ ಜಾಗ್ರತೆ ಬೇಕು. ಓದುವವನನ್ನು ಮಾತನಾಡಿಸಿದರೆ ಅವನಿಗೆ ಡಿಸ್ಟರ್ಬ್ ಆಯಿತು, ಸರಿ. ಮನುಷ್ಯನನ್ನೇ 'ಡಿಸ್ಟರ್ಬ್ಡ್' ಎಂದರೆ ಇಂಗ್ಲಿಷಿನಲ್ಲಿ ಅದು ಕೆಲವೊಮ್ಮೆ ಬಹಳ ದೂರ ಹೋಗುವ ಮಾತು.

ಹೊರಗಿನ ಶಬ್ದಗಳ ಮೇಲೆ ನನಗೆ ದ್ವೇಷವೇನಿಲ್ಲ. ಅಚ್ಚಗನ್ನಡವೆಂದು ನಾವು ತಿಳಿದಿರುವ 'ಬೇಜಾರು' ಪಾರ್ಸಿಯಿಂದ ಬಂದದ್ದು. ನನ್ನ ತವರು ಘಟ್ಟದ ಮೇಲೆ, ಮನೆಮಾತು ಉರ್ದು. ಉರ್ದುವಿನಲ್ಲಿ ಬೇಜಾರ್ ಎಂದರೆ ಯಾವುದೋ ಒಂದರಿಂದ ರೋಸಿ ಹೋಗುವುದು. ಅಕ್ಕಪಕ್ಕದ ಕನ್ನಡದ ಹೆಂಗಸರು 'ಯಾಕೋ ಬೇಜಾರು' ಎಂದಾಗಲೆಲ್ಲ ನನ್ನ ಅಮ್ಮಿ, 'ಯಾರ ಮೇಲೆ?' ಎಂದು ಕೇಳುತ್ತಿದ್ದರು. ಯಾರ ಮೇಲೂ ಅಲ್ಲದ, ಸುಮ್ಮನೆ ಸಂಜೆಹೊತ್ತು ಬರುವ ಬೇಜಾರು ಕನ್ನಡದಲ್ಲಿದೆ ಎಂಬುದು ಅಮ್ಮಿಗೆ ಕೊನೆಯವರೆಗೂ ವಿಚಿತ್ರವಾಗಿಯೇ ಇತ್ತು. ಮದುವೆಯಾಗಿ ಕರಾವಳಿಗೆ ಇಳಿದ ಮೇಲೆ ನನಗೆ ಸಿಕ್ಕ ಹೊಸ ಶಬ್ದ 'ಮಂಡೆಬಿಸಿ'. ಕೇಳಿದ ಮೊದಲ ದಿನವೇ ಇಷ್ಟವಾಯಿತು. ತಲೆ ಮುಟ್ಟಿ ನೋಡಿದರೆ ಗೊತ್ತಾಗುವಂತಹ ಶಬ್ದ!

ಐದನೆಯ ದಿನ ಸಹೋದ್ಯೋಗಿಯೊಬ್ಬರನ್ನು ಕರೆದುಕೊಂಡು ಆ ಹುಡುಗಿಯ ಮನೆಗೆ ಹೋದೆ. ಮಳೆ ಬಿಟ್ಟಿತ್ತು. ಹುಡುಗಿ ಸೊಂಟದ ಮೇಲೆ ಮಗುವನ್ನಿಟ್ಟುಕೊಂಡು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಮಗುವಿಗೆ ಎರಡೂವರೆ ತಿಂಗಳು. ತಂದೆ ಸೌದಿಯಲ್ಲಿ, ಮಗುವಿನ ಮುಖ ನೋಡಿದ್ದು ಮೊಬೈಲಿನಲ್ಲಿ ಮಾತ್ರ. ತಾಯಿ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. ನಾವು ಸಲಾಮ್ ಹೇಳಿದೆವು. ಉತ್ತರ ಬಂತು, ಮುಖ ತಿರುಗಲಿಲ್ಲ.

ಅಜ್ಜಿ, ಅಂದರೆ ಆಕೆಯ ಅತ್ತೆ, ಚಹಾ ತಂದಿಟ್ಟು ಹೇಳತೊಡಗಿದರು. 'ಎಂತ ಹೇಳುವುದು ಟೀಚರ್? ಟೆನ್ಶನ್ ಅಂತೆ. ಈಗಿನವರಿಗೆ ಎಲ್ಲದಕ್ಕೂ ಟೆನ್ಶನ್. ನಾನು ಏಳು ಹೆತ್ತಿದ್ದೇನೆ. ನಲ್ವತ್ತು ಕಳೆದ ಮೇಲೆ ಭತ್ತ ಕುಟ್ಟಿದ್ದೇನೆ. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ. ನಮಾಝಿಗೆ ಏಳು ಎಂದರೆ ಏಳುವುದಿಲ್ಲ, ಮಗುವಿಗೆ ಹಾಲು ಕೊಡು ಎಂದರೆ ಅಳುತ್ತಾಳೆ. ಈಮಾನ್ ಗಟ್ಟಿ ಇದ್ದರೆ ಹೀಗಾಗುತ್ತದೆಯೇ? ಉದಾಸೀನ, ಬೇರೆ ಏನಿಲ್ಲ.'

ಅಜ್ಜಿ ಕೆಟ್ಟವರಲ್ಲ. ಅರವತ್ತೈದು ದಾಟಿದ ಅವರೇ ಎರಡು ಹೊತ್ತಿನ ಅಡುಗೆ ಮಾಡಿ, ಮೊಮ್ಮಗುವನ್ನು ಮೀಯಿಸಿ, ಸೊಸೆಗೆ ಮದ್ದಿನ ಗಂಜಿ ಮಾಡಿಕೊಡುತ್ತಿದ್ದರು. ಯಾರೋ ಹೇಳಿದರೆಂದು ನೂಲನ್ನೂ ಮಂತ್ರಿಸಿ ತಂದು ಕಟ್ಟಿದ್ದರು. ದಣಿದ ಮನುಷ್ಯರ ಮಾತು ಕಟುವಾಗುತ್ತದೆ, ಅಷ್ಟೇ.

ಹೊರಡುವಾಗ ಹುಡುಗಿ ಗೇಟಿನವರೆಗೆ ಬಂದಳು. ಏನೋ ಹೇಳಲಿಕ್ಕಿದೆ ಎಂದು ಗೊತ್ತಾಗುತ್ತಿತ್ತು. ಕೊನೆಗೆ, 'ಟೀಚರ್, ಆವತ್ತು ನನ್ನ ಹೊಟ್ಟೆ ಸರಿ ಇತ್ತು' ಎಂದಳು.

ನಾನೇ ಹೇಳಿಕೊಟ್ಟ ಶಬ್ದ ಅದು. ಪಾಠದ ಕೊನೆಯಲ್ಲಿ ನಾನು ಬರೆಸಿದ್ದ ಶಬ್ದಾರ್ಥದ ಪಟ್ಟಿಯಲ್ಲಿ 'ಅಪ್‌ಸೆಟ್: ಮನಸ್ಸು ಕದಡಿದ' ಎಂದಿತ್ತು. ಅವಳು ಅದನ್ನು ಕಲಿತು, ಸರಿಯಾದ ಜಾಗದಲ್ಲಿ ಸರಿಯಾಗಿ ಬಳಸಿದ್ದಳು. ನಾನು ಅದನ್ನು ಹೊಡೆದು ಹಾಕಿ, ತಪ್ಪಿಲ್ಲದ ಇಂಗ್ಲಿಷಿನಲ್ಲಿ ಸುಳ್ಳು ಬರೆಸಿಕೊಂಡಿದ್ದೆ.

ಮನೆಗೆ ಬಂದು ನಿಘಂಟು ತೆಗೆದೆ. ಅಪ್‌ಸೆಟ್ ಎಂದರೆ ಮಗುಚುವುದು. ದೋಣಿ ಮಗುಚಿದರೆ, ಹಾಲಿನ ಪಾತ್ರೆ ಕೈತಾಗಿ ಚೆಲ್ಲಿದರೆ ಅಪ್‌ಸೆಟ್. ಮನಸ್ಸಿಗೆ ಅದು ಅಂಟಿಕೊಂಡದ್ದು ಆಮೇಲೆ, ಹೊಟ್ಟೆಗೂ ಹಾಗೆಯೇ. ಒಬ್ಬರ ಮೇಲೆ ಬೇಸರವಾದರೆ 'ಅಪ್‌ಸೆಟ್ ವಿತ್', ಒಂದು ವಿಷಯಕ್ಕಾಗಿ ಆದರೆ 'ಅಪ್‌ಸೆಟ್ ಎಬೌಟ್'. ಯಾವುದನ್ನೂ ಸೇರಿಸದೆ ಬರೀ ಅಪ್‌ಸೆಟ್ ಎಂದು ನಿಲ್ಲಿಸಿದರೆ ಏನೂ ತಪ್ಪಿಲ್ಲ. ಹಾಗೆ ನಿಲ್ಲಿಸಿದಾಗ ಕೇಳುವವರು 'ಯಾಕೆ?' ಎಂದು ಕೇಳಬೇಕಾಗುತ್ತದೆ. ನಾನು ಕೇಳಿರಲಿಲ್ಲ.

'ವರಿ' ಎಂಬ ಶಬ್ದದ ಹಳೆಯ ಅರ್ಥ ಕುತ್ತಿಗೆ ಹಿಸುಕುವುದು. ನಾಯಿ ಕುರಿಯ ಕುತ್ತಿಗೆಗೆ ಬಾಯಿ ಹಾಕಿ ಅಲುಗಾಡಿಸುವುದಕ್ಕೆ ಇಂಗ್ಲಿಷಿನಲ್ಲಿ ಇವತ್ತಿಗೂ ಇದೇ ಶಬ್ದ. 'ಆಂಗ್ಷಸ್' ಎಂಬುದರ ಲ್ಯಾಟಿನ್ ಬೇರು ಕೂಡ ಉಸಿರುಗಟ್ಟಿಸುವುದೇ. 'ಡಿಪ್ರೆಸ್' ಎಂದರೆ ಕೆಳಕ್ಕೆ ಒತ್ತುವುದು. ಉರ್ದುವಿನ ಪರೇಶಾನ್ ಎಂದರೆ ಚದುರಿಹೋದದ್ದು, ಕೆದರಿದ ಕೂದಲಿಗೂ ಅದೇ ಶಬ್ದ. ಒಂದೊಂದು ಭಾಷೆಯವರೂ ಒಂದೊಂದು ಕಡೆ ಕೈಯಿಟ್ಟು ತೋರಿಸಿದ್ದಾರೆ, ಇಲ್ಲಿ ನೋಯುತ್ತದೆ ಎಂದು. ನಾವು ಮಾತ್ರ ಎಲ್ಲವನ್ನೂ ಒಂದೇ ಟೆನ್ಶನ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದೇವೆ.

ಅರಬಿ ಕಾಲೇಜಿನಲ್ಲಿ ಐದು ವರ್ಷ 'ಹಝಿನ, ಯಹ್ಝನು' ಎಂದು ಕ್ರಿಯಾಪದದ ರೂಪಗಳನ್ನು ಬಾಯಿಪಾಠ ಮಾಡಿದವಳು ನಾನು. ಪರೀಕ್ಷೆಯಲ್ಲಿ ಒಂದೂ ತಪ್ಪುತ್ತಿರಲಿಲ್ಲ. ಆ ಶಬ್ದ ಯಾರ ಮನೆಯ ಒಳಕೋಣೆಯಲ್ಲಿ ಮಲಗಿರುತ್ತದೆ ಎಂದು ಯೋಚಿಸಿರಲಿಲ್ಲ. ಅರಬಿಯಲ್ಲಿ ಹಝನ್ ಎಂದರೆ ಆಗಿಹೋದದ್ದರ ಬಗೆಗಿನ ದುಃಖ, ಹಮ್ಮ್ ಎಂದರೆ ಮುಂದೆ ಬರಲಿರುವುದರ ಚಿಂತೆ, ಗಮ್ಮ್ ಎಂದರೆ ಈಗ ಹೃದಯವನ್ನು ಮುಚ್ಚಿಕೊಂಡಿರುವ ಸಂಕಟ ಎಂದು ವಿದ್ವಾಂಸರು ಬೇರ್ಪಡಿಸುತ್ತಾರೆ. ಮೋಡಕ್ಕೆ ಅರಬಿಯಲ್ಲಿ ಗಮಾಮ್ ಎನ್ನುತ್ತಾರಲ್ಲ, ಅದೇ ಧಾತು. ಎದೆ ಇಕ್ಕಟ್ಟಾಗುವುದು ಎಂಬ ಮಾತು ಕುರ್‌ಆನಿನಲ್ಲಿದೆ, ಅದೂ ಪ್ರವಾದಿವರ್ಯರ(ಸ) ಬಗ್ಗೆ. ಯಾಕೂಬ್(ಅ)ರ ಕಣ್ಣುಗಳು ಮಗನ ದುಃಖದಿಂದ ಬೆಳ್ಳಗಾದವು. ಅವರು ಅಲ್ಲಾಹನಲ್ಲಿ ಮೊರೆಯಿಟ್ಟರು, ಆದರೆ ನನಗೆ ದುಃಖವೇ ಇಲ್ಲ ಎನ್ನಲಿಲ್ಲ. ಖದೀಜಾ(ರ) ಮತ್ತು ಅಬೂತಾಲಿಬ್ ತೀರಿಹೋದ ವರ್ಷವನ್ನು ನಮ್ಮ ಇತಿಹಾಸಕಾರರು ದುಃಖದ ವರ್ಷವೆಂದೇ ಕರೆದಿದ್ದಾರೆ. ಇವರಲ್ಲಿ ಯಾರ ಈಮಾನ್ ದುರ್ಬಲವಾಗಿತ್ತು?

ಆ ರಾತ್ರಿ ನನಗೆ ಹೆಚ್ಚಾಗಿ ನೆನಪಾದದ್ದು ಮರ್ಯಮ್(ಅ). ಪ್ರಸವವೇದನೆಯಲ್ಲಿ, ಖರ್ಜೂರದ ಮರದ ಬುಡದಲ್ಲಿ, ಇದಕ್ಕೆ ಮೊದಲೇ ಸತ್ತುಹೋಗಿದ್ದರೆ ಒಳ್ಳೆಯದಿತ್ತು ಎಂದು ಅವರು ಹೇಳಿದ್ದನ್ನು ಕುರ್‌ಆನ್ ಮುಚ್ಚಿಟ್ಟಿಲ್ಲ. ಅವರಿಗೆ ಬಂದ ಉತ್ತರದಲ್ಲಿ ಗದರಿಕೆ ಇಲ್ಲ. ದುಃಖಿಸಬೇಡ ಎಂಬ ಸಾಂತ್ವನ, ಕೆಳಗೆ ಹರಿಯುವ ನೀರು, ಮರ ಅಲುಗಾಡಿಸಿದರೆ ಉದುರುವ ಹಣ್ಣು, ತಿನ್ನು, ಕುಡಿ, ಕಣ್ಣು ತಂಪು ಮಾಡಿಕೋ ಎಂಬ ಮಾತು. ಜನರೊಡನೆ ಮಾತನಾಡುವ ಹೊರೆಯನ್ನೂ ಇಳಿಸಲಾಯಿತು. ಬಾಣಂತಿಯ ಬಳಿ ಹೇಗೆ ಮಾತನಾಡಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ನಾನು ಎಲ್ಲೂ ಓದಿಲ್ಲ. ಮೂಸಾ(ಅ)ರ ತಾಯಿಯ ಹೃದಯ ಬರಿದಾಯಿತು ಎಂದೂ ಕುರ್‌ಆನ್ ಹೇಳುತ್ತದೆ. ಅವರೂ ಎಳೆಯ ಮಗುವಿನ ತಾಯಿ.

ಮರುದಿನ ಶಾಲೆ ಬಿಟ್ಟ ಮೇಲೆ ಮತ್ತೆ ಹೋದೆ. ಅಜ್ಜಿಯೊಡನೆ ವಾದಕ್ಕೆ ನಿಲ್ಲಲಿಲ್ಲ. ಪ್ರವಾದಿವರ್ಯರು(ಸ) ಆಗಾಗ ಮಾಡುತ್ತಿದ್ದ ಒಂದು ದುಆವನ್ನು ನೆನಪಿಸಿದೆ. ಅಜ್ಜಿಗೆ ಅದು ಬಾಯಿಪಾಠವಿತ್ತು. ಅದರಲ್ಲಿ ಎಂಟು ಸಂಗತಿಗಳಿಂದ ಅಭಯ ಕೇಳಲಾಗಿದೆ. ಚಿಂತೆ, ದುಃಖ, ಅಸಾಮರ್ಥ್ಯ, ಉದಾಸೀನ, ಹೇಡಿತನ, ಜಿಪುಣತನ, ಸಾಲದ ಭಾರ, ಜನರ ದಬ್ಬಾಳಿಕೆ. 'ನೋಡಿ, ಇದರಲ್ಲಿ ದುಃಖ ಬೇರೆ ಇದೆ, ಉದಾಸೀನ ಬೇರೆ ಇದೆ. ಎರಡೂ ಒಂದೇ ಆಗಿದ್ದರೆ ಎರಡು ಶಬ್ದ ಯಾಕೆ?' ಎಂದೆ. ಅಜ್ಜಿ ಎರಡು ಸಲ ಅದನ್ನು ಮೆಲ್ಲಗೆ ಹೇಳಿಕೊಂಡರು, ಬೆರಳು ಮಡಚಿ ಎಣಿಸಿದರು. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಇದ್ದಕ್ಕಿದ್ದಂತೆ, 'ನನ್ನ ತಂಗಿ ಒಬ್ಬಳಿದ್ದಳು' ಎಂದರು. 'ಎರಡನೆಯ ಹೆರಿಗೆ ಆದ ಮೇಲೆ ಹೀಗೆಯೇ. ಬಾವಿಕಟ್ಟೆಯಲ್ಲಿ ಹೋಗಿ ಕೂರುತ್ತಿದ್ದಳು. ಏನೋ ಹಿಡಿದಿದೆ ಎಂದು ಎಲ್ಲರೂ ಹೇಳಿದರು.' ಮುಂದೆ ಏನಾಯಿತೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ ಎಂದವರೂ ಅವರೇ.

ಮೊಹಲ್ಲಾದ ಉಸ್ತಾದರನ್ನು ಕೇಳಿಯೇ ಮುಂದುವರಿಯುತ್ತೇವೆ ಎಂದರು ಅಜ್ಜಿ. ಕೇಳಿದರು. ಉಸ್ತಾದರು ವಯಸ್ಸಿನಲ್ಲಿ ಚಿಕ್ಕವರು. ದುಆ ನಾನು ಮಾಡುತ್ತೇನೆ, ಡಾಕ್ಟರ ಬಳಿ ನೀವು ಹೋಗಿ, ಎರಡೂ ಅಲ್ಲಾಹನದ್ದೇ ಎಂದರಂತೆ. ನಮ್ಮ ತಾಲೂಕು ಆಸ್ಪತ್ರೆಗೆ ವಾರದಲ್ಲಿ ಒಂದು ದಿನ ಮನೋವೈದ್ಯರು ಬರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ ಪ್ರಯೋಗದ ಆಧಾರದಲ್ಲಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದದ್ದು ಎಂಬುದು ನನಗೂ ಆಮೇಲೆ ತಿಳಿಯಿತು. ನಮ್ಮ ರಾಜ್ಯದಿಂದ ಹೊರಟದ್ದು ನಮ್ಮ ಮನೆಗಳಿಗೆ ತಲುಪಿಲ್ಲ, ನೋಡಿ.

ವೈದ್ಯೆ ಏನಾಗುತ್ತದೆ ಎಂದು ಕೇಳಿದಾಗ ಆಕೆ ಮೊದಲು ಹೇಳಿದ್ದು 'ಟೆನ್ಶನ್' ಎಂದೇ. ವೈದ್ಯೆ ಅದನ್ನು ಬರೆದುಕೊಳ್ಳಲಿಲ್ಲ. ಪೆನ್ನು ಕೆಳಗಿಟ್ಟು ಒಂದೊಂದಾಗಿ ಕೇಳಿದರು. ಮಗು ಮಲಗಿದಾಗ ನಿನಗೆ ನಿದ್ದೆ ಬರುತ್ತದೆಯೇ? ಮೊದಲು ಇಷ್ಟವಾಗುತ್ತಿದ್ದದ್ದು ಈಗ ಇಷ್ಟವಾಗುತ್ತದೆಯೇ? ಹೆದರಿಕೆಯೇ, ದುಃಖವೇ, ಏನೂ ಇಲ್ಲದ ಹಾಗೆಯೇ? ಎಷ್ಟು ದಿನಗಳಿಂದ? ಆಗ ಆಕೆ ಬ್ಯಾರಿ ಭಾಷೆಯಲ್ಲಿ ಮಾತನಾಡತೊಡಗಿದಳು. ಎದೆಯ ಒಳಗೆ ಯಾರೋ ಅರೆಯುವ ಕಲ್ಲು ಇಟ್ಟ ಹಾಗೆ ಎಂದಳು. ಮಗು ಅತ್ತರೆ ಬೇರೆ ಯಾರದೋ ಮಗು ಅಳುವ ಹಾಗೆ ಕೇಳುತ್ತದೆ ಎಂದಳು. ಇದನ್ನು ಹೇಳುವಾಗ ಅಜ್ಜಿಯ ಮುಖ ನೋಡಲಿಲ್ಲ. ಬದುಕುವುದು ಬೇಡ ಎನಿಸುತ್ತದೆಯೇ ಎಂದು ವೈದ್ಯೆ ನೇರವಾಗಿ ಕೇಳಿದರು. ಆಕೆ ತಲೆಯಾಡಿಸಿದಳು. ಹುಡುಗಿ ಹೊರಗೆ ಬೆಂಚಿನ ಮೇಲೆ ತಮ್ಮನನ್ನು ಎತ್ತಿಕೊಂಡು ಕೂತಿದ್ದಳು. ಅಷ್ಟು ಮಟ್ಟಿಗೆ ಅಲ್ಲಾಹನು ಕಾಪಾಡಿದ.

ವೈದ್ಯೆ ಹೇಳಿದ್ದು ಇಷ್ಟು. ಹೆರಿಗೆಯಾದ ಮೂರ್ನಾಲ್ಕು ದಿನಗಳಲ್ಲಿ ಬಹಳ ಹೆಂಗಸರಿಗೆ ಸುಮ್ಮನೆ ಅಳು ಬರುತ್ತದೆ. ಅದು ಹತ್ತು ಹದಿನೈದು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಎರಡು ವಾರ ಕಳೆದರೂ ಹೋಗದೆ ದಿನದ ಹೆಚ್ಚು ಹೊತ್ತು ಹೀಗೆಯೇ ಇದ್ದರೆ ಅದು ಕಾಯಿಲೆ, ಹೆರಿಗೆಯ ನಂತರದ ಖಿನ್ನತೆ. ಹಾಲೂಡಿಸುವ ತಾಯಂದಿರಿಗೆ ಕೊಡಬಹುದಾದ ಔಷಧಗಳಿವೆ, ಗುಣ ಕಾಣಲು ಕೆಲವು ವಾರ ಬೇಕು, ಮಧ್ಯದಲ್ಲಿ ನಿಲ್ಲಿಸಬಾರದು, ಈ ದಿನಗಳಲ್ಲಿ ಒಬ್ಬಳನ್ನೇ ಬಿಡಬಾರದು. ಅಜ್ಜಿ, 'ಗಂಜಿ ಕೊಡಬಹುದಾ?' ಎಂದು ಕೇಳಿದರು. ಅವರಿಗೆ ಗೊತ್ತಿದ್ದ ಮದ್ದು ಅದೊಂದೇ. ವೈದ್ಯೆ ನಕ್ಕು, ಧಾರಾಳವಾಗಿ ಎಂದರು. ನನಗೆ ತಲ್ಬೀನಾ ನೆನಪಾಯಿತು. ರೋಗಿಗಳಿಗೂ ಸಾವಿನ ದುಃಖದಲ್ಲಿರುವವರಿಗೂ ಜವೆಗೋಧಿಯ ಆ ಗಂಜಿಯನ್ನು ಮಾಡಿಕೊಡಬೇಕೆಂದು ಆಯಿಶಾ(ರ) ಹೇಳುತ್ತಿದ್ದರು ಎಂದು ಬುಖಾರಿಯಲ್ಲಿದೆ.

ಆಮೇಲೆ ಓದುತ್ತಾ ಹೋದಾಗ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರ ಹೆಸರು ಸಿಕ್ಕಿತು. 934ರಲ್ಲಿ ತೀರಿಕೊಂಡವರು. ದೇಹ ಮತ್ತು ಆತ್ಮ ಎರಡರ ಆರೋಗ್ಯದ ಬಗ್ಗೆಯೂ ಒಂದೇ ಗ್ರಂಥದಲ್ಲಿ ಬರೆದವರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ಕಾಣದ ದುಃಖ ಬೇರೆ ಎಂದು ಅವರು ಸಾವಿರ ವರ್ಷಗಳ ಹಿಂದೆಯೇ ವಿಂಗಡಿಸಿದ್ದರು. ಈ ಎರಡನೆಯ ಬಗೆಯ ದುಃಖವನ್ನು ಅವರು ದೇಹಕ್ಕೂ ಸಂಬಂಧಪಟ್ಟದ್ದೆಂದು ಕಂಡರು. ಅಮ್ಮಿಗೆ ಅರ್ಥವಾಗದೆ ಹೋದ, ಯಾರ ಮೇಲೂ ಅಲ್ಲದ ಬೇಜಾರು ಬಹುಶಃ ಅದೇ ಇರಬೇಕು. ಇಷ್ಟು ವರ್ಷ ಅರಬಿ ಓದಿಯೂ ನಾನು ಆ ಹೆಸರನ್ನು ಕೇಳಿರಲಿಲ್ಲ ಎನ್ನಲು ನಾಚಿಕೆಯಾಗುತ್ತದೆ.

ಆಸ್ಪತ್ರೆ ದೂರವಿರುವವರಿಗೆ, ಹೊರಗೆ ಹೋಗಲು ಅನುಕೂಲವಿಲ್ಲದವರಿಗೆ ಸರಕಾರದ ಟೆಲಿ ಮಾನಸ್ ಎಂಬ ಫೋನ್ ಸೇವೆ 2022ರಿಂದ ಇದೆ. ಸಂಖ್ಯೆ 14416, ಹಣ ಕೊಡಬೇಕಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ನಾನು ನಮ್ಮ ಸ್ಟಾಫ್ ರೂಮಿನ ಗೋಡೆಯ ಮೇಲೆ ಅಂಟಿಸಿದ್ದೇನೆ. ಯಾರಾದರೂ ಬರೆದುಕೊಳ್ಳುವುದನ್ನು ಈವರೆಗೆ ನೋಡಿಲ್ಲ. ಆದರೆ ಹಾಳೆಯ ಕೆಳಗಿನ ಒಂದು ಮೂಲೆ ಹರಿದಿದೆ.

ಆ ಮನೆಯ ವಿಷಯ ಹೇಳಿ ಮುಗಿಸುತ್ತೇನೆ. ಔಷಧ ಆರಂಭಿಸಿದ ಮೂರು ವಾರಕ್ಕೆ ಆಕೆ ತಾನಾಗಿ ಎದ್ದು ಮಗುವನ್ನು ಮೀಯಿಸಿದಳಂತೆ. ನಡುವೆ ಒಂದು ಸಲ, ಗುಣವಾಯಿತಲ್ಲ ಎಂದು ಮಾತ್ರೆ ಬಿಟ್ಟು ಮತ್ತೆ ಹಿಂದಿನಂತಾಗಿ, ಮತ್ತೆ ಆಸ್ಪತ್ರೆಗೆ ಹೋಗಬೇಕಾಯಿತು. ಆ ಸಲ ಕರೆದುಕೊಂಡು ಹೋದದ್ದು ಅಜ್ಜಿಯೇ, ನನಗೆ ತಿಳಿಸಿಯೂ ಇರಲಿಲ್ಲ. ಈದ್ ಹಬ್ಬಕ್ಕೆ ಗಂಡ ಬಂದು ಎರಡು ತಿಂಗಳು ಇದ್ದ. ಮಗು ಈಗ ಮನೆ ತುಂಬಾ ಓಡುತ್ತದೆ.

ನಾನು ತರಗತಿಯಲ್ಲಿ ಆ ಹುಡುಗಿಯ ಕ್ಷಮೆ ಕೇಳಿದೆ. ಎಲ್ಲರ ಎದುರು ನಗಿಸಿದ್ದರಿಂದ ಎಲ್ಲರ ಎದುರೇ ಕೇಳಬೇಕೆನಿಸಿತು. ಅವಳ ಮನೆಯ ವಿಷಯ ಎತ್ತಲಿಲ್ಲ, 'ಅಪ್‌ಸೆಟ್ ಎಂದು ಅವಳು ಬರೆದದ್ದೇ ಸರಿ, ತಿದ್ದಿದ ನನ್ನದು ತಪ್ಪು' ಎಂದಷ್ಟೇ ಹೇಳಿದೆ. ಆವತ್ತು ಇಡೀ ಪೀರಿಯಡ್ ಇಂತಹ ಶಬ್ದಗಳಲ್ಲೇ ಕಳೆಯಿತು. ಸ್ಯಾಡ್, ವರೀಡ್, ನರ್ವಸ್, ಹರ್ಟ್, ಲೋನ್ಲಿ. ಒಂದೊಂದಕ್ಕೂ ಮಕ್ಕಳು ಕನ್ನಡ ಹೇಳಿದರು, ಬ್ಯಾರಿ ಹೇಳಿದರು, ತುಳು ಹೇಳಿದರು. ಕೊನೆಗೆ ಅವಳೇ ಎದ್ದು ನಿಂತು ಕೇಳಿದಳು: 'ಟೀಚರ್, ಮಂಡೆಬಿಸಿಗೆ ಇಂಗ್ಲಿಷಿನಲ್ಲಿ ಏನು?'

'ಹಾಟ್ ಹೆಡ್' ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಅದಲ್ಲ, ಇಂಗ್ಲಿಷಿನಲ್ಲಿ ಹಾಟ್ ಹೆಡ್ ಎಂದರೆ ಮುಂಗೋಪಿ ಎಂದೆ. ನಾಳೆ ನೋಡಿ ಹೇಳುತ್ತೇನೆ ಎಂದೂ ಹೇಳಿದೆ. ಅವಳು ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜಿಗೆ ಹೋದಳು. ನಾನು ಇನ್ನೂ ಹುಡುಕುತ್ತಿದ್ದೇನೆ.